ಬಳ್ಳಾರಿಯಿಂದ ಐದು ದಿನದ ಟ್ರಿಪ್: ಗುಡ್ಡ, ಕಾಡು, ಪ್ರಾಣಿ ಎಲ್ಲ ನೋಡಬೇಕು. ಎಲ್ಲಿಗೆ ಹೋಗೋಣ?

ಕೌಲ್‌ಬಜಾರ್ ಅಕ್ಕ:
ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಐದು ದಿನ ಬಿಡುವು ಸಿಕ್ಕಿದೆ. ನಾನು, ನಮ್ಮನೆಯವರು, ಇಬ್ಬರು ಮಕ್ಕಳು (13 ಮತ್ತು 9 ವರ್ಷ), ಮಾವ. ಸ್ವಂತ ಕಾರಿದೆ. ಮಾವನಿಗೆ 70 ದಾಟಿದೆ, ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತಲಾರರು. ಆದರೆ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಆಸೆ ಅವರಿಗೇ.

ಎರಡು ವರ್ಷದ ಹಿಂದೆ ಚಿಕ್ಕಮಗಳೂರು ಕಡೆ ಹೋಗಿದ್ದೆವು. ಬೆಟ್ಟದ ದಾರಿಯಲ್ಲಿ ಮೂರು ತಾಸು ಗಾಡಿಗಳ ಸಾಲಲ್ಲೇ ನಿಂತೆವು. ಮುಂಗಡ ತೆಗೆದುಕೊಂಡ ಹೋಮ್‌ಸ್ಟೇಯವರು ಫೋಟೋದಲ್ಲಿ ಒಂದು ರೂಮು ತೋರಿಸಿ ಇನ್ನೊಂದು ಕೊಟ್ಟರು. ಮಕ್ಕಳು ಕೋತಿ ಬಿಟ್ಟು ಬೇರೆ ಪ್ರಾಣಿ ನೋಡಲಿಲ್ಲ. ಆದರೂ ಆ ಹಸಿರು ಮರೆಯೋಕಾಗಲ್ಲ, ಹಾಗಾಗಿ ಈ ಸಲ ಭದ್ರಾ, ಮುಳ್ಳಯ್ಯನಗಿರಿ, ಕುದುರೆಮುಖ ಅಂತ ಯೋಚಿಸಿದ್ದೇನೆ. ಇಲ್ಲವಾದರೆ ಬಂಡೀಪುರ. ಹೋಗಿ ಬಂದವರು ದಯವಿಟ್ಟು ಹೇಳಿ.

ಹಳೇ ಡ್ರೈವರ್:
ಬಂಡೀಪುರ ಬಿಡಿ ತಾಯಿ. ಬಳ್ಳಾರಿಯಿಂದ ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ. ಐದರಲ್ಲಿ ಎರಡು ರಸ್ತೆಗೇ ಹೋಯಿತು. ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಸ್ವಲ್ಪ ತಡವಾದರೆ ಗೇಟಿನ ಈಚೆಗೇ ಉಳಿಯಬೇಕು. ಮಂಡಿ ನೋವಿನವರನ್ನು ಅಷ್ಟು ಹೊತ್ತು ಕಾರಿನಲ್ಲಿ ಕೂರಿಸಬೇಡಿ.

ಭದ್ರಾವತಿ ಅಳಿಯ:
ಭದ್ರಾಗೆ ಹೋಗಿ ಅಕ್ಕಾ, ಎರಡು ಮಾತಿಲ್ಲ. ಲಕ್ಕವಳ್ಳಿಯಲ್ಲಿ ಜೀಪ್ ಸಫಾರಿಯೂ ಇದೆ, ಹಿನ್ನೀರಿನಲ್ಲಿ ದೋಣಿ ಸಫಾರಿಯೂ ಇದೆ. ದೋಣಿಯಲ್ಲಿ ಹಿರಿಯರಿಗೆ ಕುಲುಕಾಟ ಕಮ್ಮಿ. ಆನೆ ನೀರಿಗೆ ಇಳಿಯೋದು, ಕಾಡೆಮ್ಮೆ ದಡದಲ್ಲಿ ಮೇಯೋದು ಕೂತಲ್ಲೇ ಕಾಣುತ್ತೆ. 1998ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶ ಆಯಿತು. ಒಳಗಿದ್ದ ಊರುಗಳನ್ನು ಹೊರಗೆ ಸ್ಥಳಾಂತರ ಮಾಡಿದ ಮೇಲೆ ಕಾಡು ಹೇಗೆ ಚಿಗುರಿದೆ ಅಂದರೆ ಕಣ್ಣಾರೆ ನೋಡಬೇಕು. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರ. ಆದರೆ ರಜೆ ದಿನ ಹೋದರೆ ಮತ್ತೆ ಅದೇ ಗಾಡಿಗಳ ಸಾಲು. ಮಂಗಳವಾರ, ಬುಧವಾರ ನೋಡಿ ಹೋಗಿ.

ಕೌಲ್‌ಬಜಾರ್ ಅಕ್ಕ:
ದಸರಾದಲ್ಲಿ ಎಲ್ಲ ದಿನವೂ ರಜೆ ದಿನವೇ ಅಲ್ವಾ ಅಣ್ಣಾ? ಅದೇ ಭಯ.

ಸಂಡೂರಿನ ಹುಡುಗ:
ಅಕ್ಕಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಳ್ಳಾರಿಯಿಂದ ಒಂದೂವರೆ ತಾಸಿನ ದಾರಿಯಲ್ಲಿ ಗುಡ್ಡ ಇದೆ, ಕಾಡಿದೆ, ಕರಡಿ ಇದೆ. ಸಂಡೂರಲ್ಲಿ ಒಂದು ರಾತ್ರಿ ಯಾವಾಗಾದರೂ ಉಳಿದಿದ್ದೀರಾ? ದಸರಾ ಹೊತ್ತಿಗೆ ಮಳೆ ಬಿದ್ದು ನಮ್ಮ ಗುಡ್ಡ ಪೂರ್ತಿ ಹಸಿರಾಗಿರುತ್ತೆ. ಬೆಳಿಗ್ಗೆ ಮಂಜು ಕಣಿವೆಯಲ್ಲಿ ಕೂತಿರುತ್ತೆ. ಬೇರೆ ಊರಿಗೆ ಅಷ್ಟು ದುಡ್ಡು ಸುರಿಯುವ ಮುಂಚೆ ಮನೆ ಮುಂದಿನದನ್ನು ನೋಡಿ.

ಸತ್ಯನಾರಾಯಣಪೇಟೆ:
ಸಂಡೂರಾ? ಕೆಂಪು ಧೂಳು, ಅದಿರು ಲಾರಿ, ಅರ್ಧ ಕಡಿದ ಗುಡ್ಡ. ಮಕ್ಕಳಿಗೆ ಅದನ್ನು ತೋರಿಸೋಕೆ ಐದು ದಿನ ಬೇಕಾ ತಮ್ಮಾ?

ಸಂಡೂರಿನ ಹುಡುಗ:
ಸರ್, ಧೂಳು ಇಲ್ಲ ಅಂತ ನಾನು ಹೇಳಲ್ಲ. ನಮ್ಮ ಅಮ್ಮ ದಿನಾ ಒಣಗಿಸಿದ ಬಟ್ಟೆ ಕೊಡವಿ ಮಡಚುತ್ತಾಳೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಆ ವರ್ಷ ಮಳೆಗಾಲದಲ್ಲಿ ರಸ್ತೆ ಪಕ್ಕದ ಗಿಡದ ಎಲೆ ಹಸಿರು ಬಣ್ಣದಲ್ಲಿ ಕಂಡಿದ್ದು ಇವತ್ತಿಗೂ ನೆನಪಿದೆ. ಆಮೇಲೆ ಗಣಿ ಮತ್ತೆ ಶುರುವಾಯಿತು, ಲಾರಿಯೂ ಬಂತು. ಆದರೆ ಸಂಡೂರು ಅಂದರೆ ಗಣಿ ಅಷ್ಟೇ ಅಲ್ಲ. ನೋಡೋಕೆ ಯಾರೂ ಬರದಿದ್ದರೆ ಉಳಿದಿರೋದನ್ನು ಕೇಳೋರು ಯಾರು?

ನಾರಿಹಳ್ಳ ಗುಡ್ಡ ಸೀಳಿಕೊಂಡು ಬರುವ ಜಾಗಕ್ಕೆ ನಾವು ಗಂಡಿ ಅಂತೀವಿ. ಓಬಳಗಂಡಿ, ಭೀಮಗಂಡಿ. ಎರಡೂ ಕಡೆ ಗೋಡೆ ತರ ಗುಡ್ಡ, ನಡುವೆ ಹಳ್ಳ. ಕುಮಾರಸ್ವಾಮಿ ಗುಡಿಗೆ ಗುಡ್ಡದ ಮೇಲಿನ ತನಕ ಗಾಡಿ ಹೋಗುತ್ತೆ. ಪಕ್ಕದ ಪಾರ್ವತಿ ಗುಡಿ ಹಂಪಿಗಿಂತ ನೂರಾರು ವರ್ಷ ಹಳೆಯದು. ರಾಮಗಡದಲ್ಲಿ ಬ್ರಿಟಿಷರು ತಮ್ಮ ಸೈನಿಕರು ತಂಪಿನಲ್ಲಿ ಸುಧಾರಿಸಿಕೊಳ್ಳಲಿ ಅಂತ ಬಂಗಲೆ ಕಟ್ಟಿಸಿದ್ದರು, ಈಗ ಗೋಡೆ ಮಾತ್ರ ಉಳಿದಿವೆ. ಬಳ್ಳಾರಿ ಬಿಸಿಲು ತಡೆಯದವರು ಅಲ್ಲಿಗೆ ಹತ್ತುತ್ತಿದ್ದರು ಅಂದರೆ ಅಲ್ಲಿನ ಹವಾ ಹೇಗಿತ್ತು ಯೋಚನೆ ಮಾಡಿ.

ದುರ್ಬೀನು:
ಸಂಡೂರಿನ ತಮ್ಮ ಸರಿಯಾಗಿ ಹೇಳಿದ. ಅದೇ ನಾರಿಹಳ್ಳ ಮುಂದೆ ಹರಿದು ದರೋಜಿ ಕೆರೆಗೆ ಸೇರುತ್ತೆ. ಅಂದರೆ ಗುಡ್ಡದ ನೀರಿನ ಹಿಂದೆಯೇ ಹೋದರೆ ಕರಡಿಧಾಮದ ಕಡೆಗೆ ಬರ್ತೀರಿ.

ದರೋಜಿ ಕರಡಿಧಾಮ ಆಗಿದ್ದು 1994ರಲ್ಲಿ. ಆಮೇಲೆ ಹಿಗ್ಗಿಸಿದರು, ಈಗ 82 ಚದರ ಕಿಲೋಮೀಟರಿಗಿಂತ ಜಾಸ್ತಿ ಇದೆ. ಅಲ್ಲಿ ಕಾಡೊಳಗೆ ಸುತ್ತಾಡೋದಲ್ಲ, ವೀಕ್ಷಣಾ ಗೋಪುರದಲ್ಲಿ ಕೂತು ಎದುರಿನ ಕರಡಿಕಲ್ಲು ಗುಡ್ಡ ನೋಡೋದು. ಮಧ್ಯಾಹ್ನ ಬಿಡ್ತಾರೆ, ನಾಲ್ಕು ಗಂಟೆ ಮೇಲೆ ಕರಡಿ ಇಳಿಯೋಕೆ ಶುರು. ಗೋಪುರಕ್ಕೂ ಗುಡ್ಡಕ್ಕೂ ದೂರ ಇದೆ, ಬೈನಾಕ್ಯುಲರ್ ಇಲ್ಲದಿದ್ದರೆ ಕರಿ ಚುಕ್ಕೆ ಓಡಾಡಿದ ಹಾಗೆ ಕಾಣುತ್ತೆ ಅಷ್ಟೇ. ಎಂಟು ಪಟ್ಟು ಹತ್ತಿರ ತೋರಿಸೋ 8×42 ಬೈನಾಕ್ಯುಲರ್ ಯಾರ ಹತ್ತಿರವಾದರೂ ಇದ್ದರೆ ಕೇಳಿ ತಗೊಳ್ಳಿ.

ಕರಡಿ ಬರದೇ ಇದ್ದರೂ ಬೇಜಾರಾಗಬೇಡಿ. ನವಿಲು, ಮುಂಗುಸಿ, ಬಣ್ಣದ ಚಿಟ್ಟುಕೋಳಿ ಸುಮ್ನೆ ಕೂತವರಿಗೆ ಕಾಣುತ್ತವೆ. ಹಳದಿ ಕತ್ತಿನ ಪಿಕಳಾರ ಅಂತ ಒಂದು ಹಕ್ಕಿ ಇದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದನ್ನು ಹುಡುಕಿಕೊಂಡು ಹೊರದೇಶದಿಂದ ಜನ ಬರ್ತಾರೆ. ನಮ್ಮ ಬಳ್ಳಾರಿಯವರಿಗೆ ಅದರ ಹೆಸರೂ ಗೊತ್ತಿಲ್ಲ.

ಹೊಸಪೇಟೆ ಟಿ.ಬಿ. ಡ್ಯಾಂ:
ಕರಡಿ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಬರುತ್ತೆ, ಮಕ್ಕಳು ಮರೆಯೋದೇ ಇಲ್ಲ!

ದುರ್ಬೀನು:
ಅದು ದಸರಾದಲ್ಲಿ ಕಷ್ಟ ಸರ್. ಮರಿ ಹುಟ್ಟೋದು ಚಳಿಗಾಲದಲ್ಲಿ. ಬೆನ್ನ ಮೇಲೆ ನೋಡಬೇಕಾದರೆ ಬೇಸಿಗೆ ಹೊತ್ತಿಗೆ ಹೋಗಬೇಕು. ಅಕ್ಟೋಬರ್ ಹೊತ್ತಿಗೆ ಅವು ಬೆಳೆದು ತಾಯಿ ಹಿಂದೆ ನಡೆದೇ ಬರ್ತವೆ. ಮಕ್ಕಳಿಗೆ ಮುಂಚೆಯೇ ಹೇಳಿಬಿಡಿ, ಆಮೇಲೆ ಅಳಬಾರದು.

ಸತ್ಯನಾರಾಯಣಪೇಟೆ:
ಆ ಗುಡ್ಡಕ್ಕೆ ಬೆಲ್ಲದ ಪಾಕ ಸವರ್ತಾರಲ್ಲ, ಅದಕ್ಕೇ ಕರಡಿ ಬರೋದು. ಅದನ್ನು ಕಾಡು ನೋಡೋದು ಅಂತೀರಾ? ನನಗಂತೂ ಅದು ತಪ್ಪು ಅನಿಸುತ್ತೆ. ಕಾಡುಪ್ರಾಣಿಗೆ ಕೈ ತುತ್ತು ಯಾಕೆ?

ದುರ್ಬೀನು:
ಈ ವಿಷಯದಲ್ಲಿ ನಿಮ್ಮ ಮಾತು ತೆಗೆದುಹಾಕೋಕಾಗಲ್ಲ. ನನಗೂ ಅದು ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಅದೇ ಕರಡಿ ಉಳಿದ ಹೊತ್ತಿನಲ್ಲಿ ಗೆದ್ದಲು ಹುತ್ತ ಅಗೆಯುತ್ತೆ, ಕವಳಿಹಣ್ಣು, ಬಾರಿಹಣ್ಣು, ಸೀತಾಫಲ ತಿನ್ನುತ್ತೆ. ಬರೀ ಬೆಲ್ಲದ ಮೇಲೆ ಬದುಕಿಲ್ಲ. ಬೆಲ್ಲ ನಿಲ್ಲಿಸಿ ಸುತ್ತ ಹಣ್ಣಿನ ಗಿಡ ಜಾಸ್ತಿ ಬೆಳೆಸಿದರೆ ನಾನು ಮೊದಲು ಚಪ್ಪಾಳೆ ತಟ್ಟುತ್ತೇನೆ. ಜನ ಕರಡಿ ನೋಡಿದರೆ ಕರಡಿ ಬಗ್ಗೆ ಪ್ರೀತಿ ಬರುತ್ತೆ ಅನ್ನೋದನ್ನೂ ಮರೆಯಬಾರದು.

ಗುಡೇಕೋಟೆ ಮೊಮ್ಮಗ:
ಪ್ರೀತಿ ಬರಲಿ ಸರ್, ಜೊತೆಗೆ ಭಯವೂ ಇರಲಿ. ನಮ್ಮೂರಲ್ಲೂ 2013ರಿಂದ ಕರಡಿಧಾಮ ಇದೆ. ನಮ್ಮ ಸೋದರಮಾವ ಸಂಜೆ ಹೊತ್ತು ಶೇಂಗಾ ಹೊಲದಿಂದ ಬರುವಾಗ ತಿರುವಿನಲ್ಲಿ ಎದುರಾಯಿತು. ಅದಕ್ಕೂ ಗಾಬರಿ, ಇವರಿಗೂ ಗಾಬರಿ. ತೋಳಿನ ಮೇಲೆ ಗಾಯ ಇವತ್ತಿಗೂ ಇದೆ. ಕರಡಿಗೆ ಕಣ್ಣು ಮಂದ, ಹತ್ತಿರ ಬಂದ ಮೇಲೇ ಗೊತ್ತಾಗೋದು, ಗೊತ್ತಾದ ಕೂಡಲೇ ಮೈಮೇಲೆ ಬೀಳುತ್ತೆ. ಗುಡ್ಡದ ಕಡೆ ನಡೆಯುವಾಗ ಮಾತಾಡಿಕೊಂಡು ಹೋಗಿ, ಮುಂಜಾನೆ ಸಂಜೆ ಪೊದೆ ಹತ್ತಿರ ಮಕ್ಕಳನ್ನು ಬಿಡಬೇಡಿ. ಇಷ್ಟು ಮಾಡಿದರೆ ಸಾಕು. ಮಾವ ಇವತ್ತಿಗೂ ಕರಡಿಯನ್ನು ಬೈಯಲ್ಲ, "ಅದರ ದಾರಿಗೆ ನಾನೇ ಹೋದೆ" ಅಂತಾರೆ.

ಕೌಲ್‌ಬಜಾರ್ ಅಕ್ಕ:
ನಿಮ್ಮ ಮಾವ ಆರಾಮಾಗಿದ್ದಾರಲ್ಲ, ಅಷ್ಟು ಸಾಕು. ಸಂಜೆ ನಾವು ಗೋಪುರ ಬಿಟ್ಟು ಎಲ್ಲೂ ಕದಲಲ್ಲ.

ಹೊಸಪೇಟೆ ಟಿ.ಬಿ. ಡ್ಯಾಂ:
ದರೋಜಿ ಈಗ ವಿಜಯನಗರ ಜಿಲ್ಲೆ ಅಲ್ವಾ? ಬಳ್ಳಾರಿ ಅಂತ ಬರೀತಾ ಇದ್ದೀರಿ.

ಸಂಡೂರಿನ ಹುಡುಗ:
ಇಲ್ಲ ಸರ್. 2021ರಲ್ಲಿ ಜಿಲ್ಲೆ ಒಡೆದಾಗ ಸಂಡೂರು ತಾಲ್ಲೂಕು ಬಳ್ಳಾರಿಯಲ್ಲೇ ಉಳಿಯಿತು, ದರೋಜಿ ಊರು ಸಂಡೂರು ತಾಲ್ಲೂಕು. ಕಮಲಾಪುರ, ಹಂಪಿ ನಿಮ್ಮ ಕಡೆ. ಕರಡಿಗೆ ಎರಡೂ ಕಡೆ ಮನೆ. ಇನ್ನೊಂದು, ದರೋಜಿ ಅಂದ ಕೂಡಲೇ ಹಾಡಿ ಕಥೆ ಹೇಳುವ ಬುರ್ರಕಥೆಯ ಕಲಾವಿದೆ ಈರಮ್ಮನವರ ನೆನಪೂ ಇರಲಿ. 2014ರಲ್ಲಿ ತೀರಿಕೊಂಡರು. ಅಷ್ಟೊಂದು ಕಥೆ ಬಾಯಲ್ಲೇ ಇಟ್ಟುಕೊಂಡಿದ್ದ ತಾಯಿ.

ರಾಯಚೂರು ಮೇಷ್ಟ್ರು:
ಮಕ್ಕಳು ಜೊತೆಗಿದ್ದಾರೆ ಅಂತ ಒಂದು ವಿಷಯ ಸೇರಿಸುತ್ತೇನೆ. ಸಂಡೂರು ಗುಡ್ಡಕ್ಕೂ ಹಂಪಿ ಗುಡ್ಡಕ್ಕೂ ಯಾಕೆ ಅಷ್ಟು ವ್ಯತ್ಯಾಸ ಅಂತ ಅವರನ್ನು ಕೇಳಿ. ಸಂಡೂರಿನದು ಪದರ ಪದರದ ಶಿಸ್ಟ್ ಕಲ್ಲು, ಅದರಲ್ಲೇ ಕಬ್ಬಿಣ, ಮ್ಯಾಂಗನೀಸ್ ಇರೋದು. ಅದರ ಮೇಲೆ ಮಣ್ಣು ನಿಲ್ಲುತ್ತೆ, ಹುಲ್ಲು ಬೆಳೆಯುತ್ತೆ, ಅದಕ್ಕೇ ಮಳೆಗಾಲದಲ್ಲಿ ಹಸಿರು. ಹಂಪಿ, ಆನೆಗೊಂದಿ ಕಡೆಯದು ಗ್ರಾನೈಟ್. ನೆಲದೊಳಗೆ ಬಿರುಕು ಬಿಟ್ಟು, ಬಿರುಕಿನ ಸುತ್ತ ಸವೆದು, ಮೇಲಿನ ಮಣ್ಣು ಕೊಚ್ಚಿ ಹೋದ ಮೇಲೆ ಉಳಿದ ಗುಂಡುಗಳೇ ಇವತ್ತು ನಾವು ನೋಡುವ ಬಂಡೆ ರಾಶಿ. ಯಾರೂ ತಂದು ಪೇರಿಸಿದ್ದಲ್ಲ. ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ, ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೆ ಹೆಸರು. ಅಲ್ಲಿಂದ ನಮ್ಮ ಕಡೆ ತನಕ ಒಂದೇ ಪಟ್ಟಿ. ಸುಮಾರು 250 ಕೋಟಿ ವರ್ಷ ಹಳೆಯದು. ಹಿಮಾಲಯ ಏಳೋಕೆ ಶುರುವಾಗಿದ್ದು 5 ಕೋಟಿ ವರ್ಷದ ಹಿಂದೆ. ನಮ್ಮ ಗುಡ್ಡಗಳ ಮುಂದೆ ಹಿಮಾಲಯ ಎಳೆ ಕೂಸು.

ಆ ಬಂಡೆಗಳ ಸಂದಿಯೇ ಕರಡಿಗೂ ಚಿರತೆಗೂ ಮನೆ. ಬೋಳು ಕಲ್ಲು ಅಂತ ಕ್ವಾರಿಗೆ ಕೊಟ್ಟರೆ ಮನೆ ಒಡೆದ ಹಾಗೆಯೇ.

ನರ್ಸಕ್ಕ:
ಮೇಷ್ಟ್ರೇ, ಇದನ್ನು ನನ್ನ ಮಗನಿಗೆ ಓದಿ ಹೇಳಿದೆ. "ಹಾಗಾದರೆ ಡೈನೋಸಾರ್‌ಗಿಂತ ಹಳೇದಾ?" ಅಂತ ಕೇಳಿದ.

ರಾಯಚೂರು ಮೇಷ್ಟ್ರು:
ಎಷ್ಟೋ ಪಟ್ಟು ಹಳೇದು ಅಂತ ಹೇಳಿ ತಾಯಿ. ಒಳ್ಳೆ ಪ್ರಶ್ನೆ ಕೇಳಿದ್ದಾನೆ.

ಕೊಪ್ಪಳ ಕುರಿಮಂದೆ:
ಆನೆಗೊಂದಿ ದಾಟಿ ಗಂಗಾವತಿ ಕಡೆ ಬಂದರೆ ಅಲ್ಲಿನ ಬಂಕಾಪುರದ ಹೆಸರೂ ಕೇಳಿ. ತೋಳಕ್ಕೆಂದೇ ಮಾಡಿದ ಧಾಮ, 332 ಹೆಕ್ಟೇರ್. ಆದರೆ ಅದು ಸಫಾರಿ ಜಾಗ ಅಲ್ಲ. ಗಾಡಿ ತಗೊಂಡು ಒಳಗೆ ನುಗ್ಗಬೇಡಿ, ತೋಳ ಮರಿ ಹಾಕೋ ಜಾಗ ಅದು.

ನಮ್ಮಜ್ಜ ಕುರಿ ಕಾಯ್ತಿದ್ದರು. ರಾತ್ರಿ ತೋಳ ಮರಿ ಎತ್ತಿಕೊಂಡು ಹೋದರೆ ಬೆಳಗಿನ ತನಕ ಬೈಯ್ತಿದ್ದರು. ಆದರೆ ತೋಳದ ಗವಿ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು, ಒಂದು ದಿನವೂ ಅದಕ್ಕೆ ಹೊಗೆ ಹಾಕಲಿಲ್ಲ. "ಅದಕ್ಕೂ ಮಕ್ಕಳಿದ್ದಾವೆ" ಅಂತಿದ್ದರು. ಈಗ ಹುಲ್ಲುಗಾವಲೇ ಇಲ್ಲ. ಕುರಿಗೂ ಇಲ್ಲ, ತೋಳಕ್ಕೂ ಇಲ್ಲ. ಸರ್ಕಾರದ ಕಾಗದದಲ್ಲಿ ಬಯಲು ಅಂದರೆ ಪಾಳು ಭೂಮಿ. ನಮಗೆ ಅದೇ ಮೇವು, ಅದೇ ಬದುಕು. ಮಕ್ಕಳಿಗೆ ಕಾಡು ಅಂದರೆ ದೊಡ್ಡ ಮರ ಅಂತ ಮಾತ್ರ ಕಲಿಸಬೇಡಿ ಅಕ್ಕಾ.

ಭದ್ರಾವತಿ ಅಳಿಯ:
ಈ ಮಾತು ನನಗೆ ತಟ್ಟಿತು. ಆದರೂ ನನ್ನ ವೋಟು ಭದ್ರಾಗೇ!

ಹಳೇ ಡ್ರೈವರ್:
ಗದಗ ಕಡೆ ಕಪ್ಪತಗುಡ್ಡ ಯಾರೂ ಹೇಳಲಿಲ್ಲ. 2019ರಲ್ಲಿ ವನ್ಯಜೀವಿಧಾಮ ಆಯಿತು. ಗಣಿ ಬರಬಾರದು ಅಂತ ಅಲ್ಲಿನ ಜನ, ಮಠದವರು ಬೀದಿಗಿಳಿದು ಉಳಿಸಿಕೊಂಡ ಗುಡ್ಡ ಅದು. ಔಷಧಿ ಗಿಡಕ್ಕೆ ಹೆಸರುವಾಸಿ. ಹಾಗೇ ಮಾಗಡಿ ಕೆರೆ, ಹಿಮಾಲಯ ದಾಟಿ ಹೆಬ್ಬಾತು ಬರ್ತವೆ.

ದುರ್ಬೀನು:
ಪಟ್ಟೆತಲೆ ಹೆಬ್ಬಾತು ಬರೋದು ನವೆಂಬರ್ ಮೇಲೆ ಅಣ್ಣಾ. ದಸರಾಗೆ ಮಾಗಡಿ ಕೆರೆ ಖಾಲಿ. ಐದು ದಿನದಲ್ಲಿ ಗದಗ ತುರುಕಬೇಡಿ, ಅದಕ್ಕೆ ಚಳಿಗಾಲದಲ್ಲಿ ಬೇರೆ ಟ್ರಿಪ್ ಮಾಡಿ. ಬದಲಿಗೆ ಹಗರಿಬೊಮ್ಮನಹಳ್ಳಿ ಹತ್ತಿರ ಅಂಕಸಮುದ್ರಕ್ಕೆ ಹೋಗಿ. ಕೆರೆಯೊಳಗೆ ಜಾಲಿ ಮರ, ಮರದ ತುಂಬ ಹಕ್ಕಿ. ಊರಿನವರೇ ಕಾಪಾಡಿಕೊಂಡು ಬಂದ ಕೆರೆ. 2024ರಲ್ಲಿ ಮಾಗಡಿ ಕೆರೆ, ಅಘನಾಶಿನಿ ಜೊತೆ ಇದಕ್ಕೂ ಪ್ರಪಂಚದ ಮುಖ್ಯ ಕೆರೆ, ಜೌಗು ಜಾಗಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ದಂಡೆ ಮೇಲೆ ನಿಂತೇ ನೋಡಬಹುದು, ಮಾವನವರಿಗೆ ತೊಂದರೆ ಇಲ್ಲ.

ತುಂಗಭದ್ರಾ ದಡ:
ನದಿಯನ್ನು ಮರೆತಿರಿ. ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ನೀರುನಾಯಿ ಸಂರಕ್ಷಿತ ಪ್ರದೇಶ, 2015ರಿಂದ. ಆನೆಗೊಂದಿ ಹತ್ತಿರ ಬೆಳಿಗ್ಗೆ ಬೇಗ ಕೂತರೆ ಅದೃಷ್ಟ ಇದ್ದರೆ ಕಾಣುತ್ತವೆ. ಮೀನಿಗೆ ಸಿಡಿಮದ್ದು ಹಾಕುವವರು ಕಂಡರೆ ಸುಮ್ನೆ ಇರಬೇಡಿ, ಅರಣ್ಯ ಇಲಾಖೆಗೆ ಹೇಳಿ.

ನರ್ಸಕ್ಕ:
ಅಕ್ಕಾ, ಹೊಟ್ಟೆ ವಿಷಯ ಯಾರೂ ಹೇಳಲಿಲ್ಲ. ಬೆಳಿಗ್ಗೆ ಉಗ್ಗಾಣಿ ಮಿರ್ಚಿ ಕಟ್ಟಿಸಿಕೊಂಡು ಹೊರಡಿ. ದರೋಜಿ ಗೋಪುರದ ಹತ್ತಿರ ಏನೂ ಸಿಗಲ್ಲ. ಪ್ಲಾಸ್ಟಿಕ್ ಮಾತ್ರ ವಾಪಸ್ ತನ್ನಿ.

ಸತ್ಯನಾರಾಯಣಪೇಟೆ:
ಉಗ್ಗಾಣಿ ಅಲ್ಲ, ವಗ್ಗರಣಿ.

ನರ್ಸಕ್ಕ:
ನಮ್ಮ ಮನೆಯಲ್ಲಿ ಉಗ್ಗಾಣಿಯೇ. ನಮ್ಮ ತವರು ಆಂಧ್ರದ ಆಲೂರು ಕಡೆ.

ಕೌಲ್‌ಬಜಾರ್ ಅಕ್ಕ:
ಎಲ್ಲರ ಮಾತನ್ನೂ ಊಟದ ಹೊತ್ತಿಗೆ ಓದಿ ಹೇಳಿದೆ. ಮಾವ ಒಂದೇ ಮಾತು ಹೇಳಿದರು: "ಸಂಡೂರಿಗೆ ಹೋಗೋಣ, ಚಿಕ್ಕವನಿದ್ದಾಗ ಕುಮಾರಸ್ವಾಮಿ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗಿದ್ದೆ." ತೀರ್ಮಾನ ಆಯಿತು. ಭದ್ರಾ ಮುಂದಿನ ವರ್ಷ. ಬಂದು ಬರೀತೀನಿ.

(ಹದಿನೆಂಟು ದಿನ ಬಿಟ್ಟು)

ಕೌಲ್‌ಬಜಾರ್ ಅಕ್ಕ:
ಬಂದೆವು. ತಡವಾಗಿದ್ದಕ್ಕೆ ಕ್ಷಮಿಸಿ, ಮಗಳಿಗೆ ಜ್ವರ ಬಂದಿತ್ತು.

ಮೊದಲ ಎರಡು ರಾತ್ರಿ ಸಂಡೂರು. ಲಾರಿಗಳ ಹಿಂದೆ ಹೋಗುವಾಗ ನಮ್ಮನೆಯವರು "ಇದಕ್ಕಾ ಬಂದಿದ್ದು?" ಅಂದರು. ಆದರೆ ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಕಣಿವೆ ತುಂಬ ಮಂಜು. ಗುಡ್ಡದ ನೆತ್ತಿ ಮಾತ್ರ ಮೇಲೆ ತೇಲುತ್ತಿದ್ದ ಹಾಗಿತ್ತು. ಕುಮಾರಸ್ವಾಮಿ ಗುಡ್ಡದಲ್ಲಿ ಮಾವ ಬಹಳ ಹೊತ್ತು ಒಂದೇ ಕಡೆ ನೋಡ್ತಾ ನಿಂತರು. "ಅಲ್ಲಿ ಇನ್ನೊಂದು ಗುಡ್ಡದ ತಲೆ ಕಾಣ್ತಿತ್ತು" ಅಂದರು. ನಾವು ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಕೆಂಪು ನೆಲ. ಮಕ್ಕಳು ಯಾಕೆ ಅಂತ ಕೇಳಿದರು, ಅವರೇ ಕೂರಿಸಿಕೊಂಡು ಹೇಳಿದರು. ಹರಿಶಂಕರ ತೀರ್ಥದ ನೀರು ಕುಡಿದು ಎಲ್ಲರೂ ಮುಖ ತೊಳೆದುಕೊಂಡೆವು. ಲಂಬಾಣಿ ಕಸೂತಿಯ ಒಂದು ಚೀಲ ತಗೊಂಡೆ. ಈ ಕಸೂತಿಗೆ ಜಿಐ (ಇಂಥ ಊರಿನದೇ ಅನ್ನೋ ಭೌಗೋಳಿಕ ಗುರುತು) ಮಾನ್ಯತೆ ಇದೆ ಅಂತ ಅಲ್ಲೇ ಗೊತ್ತಾಗಿದ್ದು.

ಮೂರನೇ ದಿನ ದರೋಜಿ. ಮೂರು ಗಂಟೆಗೇ ಹೋಗಿ ಕೂತೆವು. ನಾಲ್ಕೂವರೆ ಆದರೂ ಏನಿಲ್ಲ, ಮೋಡ ಕಟ್ಟಿತು, ಮಗ ಗೊಣಗೋಕೆ ಶುರು ಮಾಡಿದ. ಐದಕ್ಕೆ ಹತ್ತು ನಿಮಿಷ ಇರುವಾಗ ಬಂಡೆ ಸಂದಿಯಿಂದ ಮೊದಲು ಒಂದು ಮೂತಿ ಬಂತು. ತಾಯಿ ಕರಡಿ. ಹಿಂದೆ ಎರಡು ಮರಿ, ದುರ್ಬೀನು ಸರ್ ಹೇಳಿದ ಹಾಗೇ ನಡೆದು ಬಂದವು. ಒಂದು ಮರಿ ಬಂಡೆ ಇಳಿಯೋಕೆ ಹೆದರಿ ನಿಂತುಬಿಟ್ಟಿತು, ತಾಯಿ ವಾಪಸ್ ಹತ್ತಿ ಹೋಗಿ ಕರ್ಕೊಂಡು ಬಂತು. ಗೋಪುರದಲ್ಲಿದ್ದ ಯಾರೂ ಉಸಿರೆತ್ತಲಿಲ್ಲ. ಮಾವನ ಕೈಯಿಂದ ಬೈನಾಕ್ಯುಲರ್ ತಗೊಳ್ಳೋಕೆ ಮಕ್ಕಳು ಬೇಡಿಕೊಳ್ಳಬೇಕಾಯಿತು.

ನಾಲ್ಕನೇ ದಿನ ಬೆಳಿಗ್ಗೆ ಕಮಲಾಪುರದ ಪ್ರಾಣಿಸಂಗ್ರಹಾಲಯದಲ್ಲಿ ಸಫಾರಿ, ಚಿಕ್ಕವನಿಗೆ ಹುಲಿ ನೋಡಲೇಬೇಕಿತ್ತು. ಮಧ್ಯಾಹ್ನದ ಮೇಲೆ ಆನೆಗೊಂದಿ. ನೀರುನಾಯಿ ಕಾಣಲಿಲ್ಲ, ದಡದ ಕಲ್ಲಿನ ಮೇಲೆ ಮೀನಿನ ಮುಳ್ಳು ತುಂಬಿದ ಹಿಕ್ಕೆ ಇತ್ತು. ಹರಿಗೋಲಿನವರು ಅದು ಅದರದ್ದೇ ಅಂದರು. ಹಿರೇಬೆಣಕಲ್‌ನ ಹಳೇ ಕಲ್ಲು ಸಮಾಧಿಗಳನ್ನು ನೋಡೋಕೆ ಹೊತ್ತು ಸಾಲಲಿಲ್ಲ. ಕೊನೆ ದಿನ ಅಂಕಸಮುದ್ರ. ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಎಣಿಸೋಕೇ ಆಗಲಿಲ್ಲ. ಮಗಳು ಹಕ್ಕಿಗಳ ಪಟ್ಟಿ ಬರೆದಿದ್ದಾಳೆ, 31 ಆಗಿದೆ.

ಸತ್ಯನಾರಾಯಣಪೇಟೆ:
ತಾಯಿ ವಾಪಸ್ ಹೋಗಿ ಮರಿ ಕರ್ಕೊಂಡು ಬಂದಿದ್ದು ಓದಿ ಮನೆಯವರಿಗೂ ಹೇಳಿದೆ. ನಾವೂ ಹೋಗ್ತೀವಿ. ಸಂಡೂರಲ್ಲಿ ಎಲ್ಲಿ ಉಳಿದಿರಿ?

ಸಂಡೂರಿನ ಹುಡುಗ:
ಸರ್, ನೀವು ಬನ್ನಿ. ಓಬಳಗಂಡಿಗೆ ನಾನೇ ಕರ್ಕೊಂಡು ಹೋಗ್ತೀನಿ.

ದುರ್ಬೀನು:
31 ಹಕ್ಕಿ! ಪಟ್ಟಿ ಹಾಕೋಕೆ ಹೇಳಿ ಅಕ್ಕಾ. ಪಿಕಳಾರ ಇದೆಯಾ?

ಕೌಲ್‌ಬಜಾರ್ ಅಕ್ಕ:
"ಹಳದಿ ಕತ್ತು, ಬಂಡೆ ಮೇಲೆ, ಒಂದೇ ಸಲ" ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿದ್ದಾಳೆ. ದರೋಜಿಯಲ್ಲೇ. ಚಿತ್ರವನ್ನೂ ಬಿಡಿಸಿದ್ದಾಳೆ, ನಾಳೆ ಫೋಟೋ ತೆಗೆದು ಹಾಕ್ತೀನಿ, ನೋಡಿ ಹೇಳಿ.